ಸಂಸತ್ತಿನಲ್ಲಿ ಎರಡು ನಿಮಿಷ, ಆಮೇಲೆ?

ಮಾನ್ಯರೇ,

ನಿಮ್ಮ ಲಕೋಟೆಯಲ್ಲಿ ಪತ್ರದ ಜೊತೆ ಒಂದು ಅಡಿಕೆಯೂ ಇತ್ತು. ಒಡೆದು ನೋಡಿದೆ. ತಿರುಳು ಕಪ್ಪಾಗಿ ಮೆತ್ತಗಾಗಿತ್ತು. ಹಳದಿ ಎಲೆ ರೋಗ ಹೊಕ್ಕ ತೋಟದ ಫಸಲು ಹೇಗಿರುತ್ತದೆಂದು ಅದೇ ಹೇಳಿತು. “ನಮ್ಮ ಸಂಸದರು ಲೋಕಸಭೆಯ ಶೂನ್ಯವೇಳೆಯಲ್ಲಿ ಈ ರೋಗದ ಬಗ್ಗೆ ಕನ್ನಡದಲ್ಲೇ ಎರಡು ನಿಮಿಷ ಮಾತಾಡಿದರು. ಊರೆಲ್ಲ ಮೊಬೈಲಿನಲ್ಲಿ ನೋಡಿ ಖುಷಿಪಟ್ಟೆವು. ಮಂತ್ರಿಗಳು ಎದ್ದೇ ನಿಲ್ಲಲಿಲ್ಲ. ಹಿಂದಿಯಲ್ಲಿ ಹೇಳಿದ್ದರೆ ಕೇಳುತ್ತಿದ್ದರೇ?” ಎಂದು ಬರೆದಿದ್ದೀರಿ.

ತಪ್ಪು ಕನ್ನಡದ್ದಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಆ ದಾರಿ ತೆರೆದರು. ನಿಮ್ಮ ಸಂಸದರು ಅದೇ ದಾರಿಯಲ್ಲಿ ನಡೆದದ್ದು ನನಗೂ ಹೆಮ್ಮೆಯೇ. ಆದರೆ ಶೂನ್ಯವೇಳೆಯಲ್ಲಿ, ಅಂದರೆ ಸಂಸದರು ತುರ್ತು ವಿಷಯ ಪ್ರಸ್ತಾಪಿಸುವ ಹೊತ್ತಿನಲ್ಲಿ, ಎತ್ತಿದ ವಿಷಯಕ್ಕೆ ಮಂತ್ರಿಗಳು ಉತ್ತರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟೇ. ಸಂಸದರಿಗೆ ವಿಷಯ ಎತ್ತಲು ಇರುವ ಇನ್ನೊಂದು ದಾರಿ, ಸದನದ ನಿಯಮ 377; ಅದರ ಅಡಿ ಮಂಡಿಸಿದರೆ ಇಲಾಖೆಯಿಂದ ಸಂಸದರಿಗೆ ಪತ್ರವಾದರೂ ಬರುತ್ತದೆ.

ಇವೆರಡಕ್ಕಿಂತ ಹಿಡಿತವಿರುವುದು ಸಂಸದರು ಮಂತ್ರಿಗಳಿಗೆ ಕೇಳುವ ಪ್ರಶ್ನೆಗೆ. ಲೋಕಸಭೆಯಲ್ಲಿ ದಿನಕ್ಕೆ ಸದನದಲ್ಲೇ ಬಾಯಿಮಾತಿನ ಉತ್ತರ ಬಯಸುವ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ, ಲಿಖಿತ ಉತ್ತರದವು 230. ಉತ್ತರ ಸದನದ ದಾಖಲೆಗೆ ಸೇರುತ್ತದೆ. “ಮಾಹಿತಿ ಸಂಗ್ರಹಿಸಲಾಗುತ್ತಿದೆ” ಎಂದು ಬರೆದು ಕೈತೊಳೆದುಕೊಳ್ಳಲೂ ಆಗುವುದಿಲ್ಲ. ಅಂಥ ಮಾತನ್ನೂ ಭರವಸೆಯೆಂದೇ ಲೆಕ್ಕ ಹಿಡಿಯುತ್ತಾರೆ. ಮೂರು ತಿಂಗಳೊಳಗೆ ಅದನ್ನು ಪೂರೈಸಬೇಕು. ಬೆನ್ನು ಹತ್ತಿ ಕೇಳಲು ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಇಷ್ಟು ಬಲವಾದ ಹಗ್ಗ ಕೈಯಲ್ಲಿರುವಾಗ ನಮ್ಮ ಊರುಗಳು ಎರಡು ನಿಮಿಷದ ವಿಡಿಯೊ ಹಂಚಿ ಸುಮ್ಮನಾಗುತ್ತವಲ್ಲ, ಅದು ನನಗೆ ನಿಜಕ್ಕೂ ಸಂಕಟ.

ಆದರೆ ಏನು ಕೇಳುತ್ತೇವೆ ಎನ್ನುವುದು ಮುಖ್ಯ. “ಬೆಳೆಗಾರರಿಗೆ ಪರಿಹಾರ ಕೊಡುವಿರಾ?” ಎಂದರೆ “ಕೃಷಿ ರಾಜ್ಯದ ವಿಷಯ” ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡಬಹುದು. ಕೇಂದ್ರದ ಕೈಯಲ್ಲೇ ಇರುವುದನ್ನು ಕೇಳಬೇಕು. ಈ ರೋಗ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳು ಹರಡುತ್ತದೆ, ಸಿಂಪಡಿಸಿ ವಾಸಿ ಮಾಡುವ ಔಷಧಿಯಿಲ್ಲ. ಉಳಿದ ಆಸೆ, ರೋಗ ತಡೆದುಕೊಳ್ಳುವ ಸಸಿ. ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಗುರುತಿಸಿ ಅಂಥ ತಳಿ ಮಾಡುವ ಕೆಲಸ ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯದು; ಅದರ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲೇ ಇದೆ. ಅಲ್ಲಿ ಇದಕ್ಕೆ ವರ್ಷಕ್ಕೆ ಎಷ್ಟು ಹಣ ಬಂದಿದೆ? ಎಷ್ಟು ಸಸಿ, ಯಾವ ವರ್ಷ ರೈತರ ಕೈ ಸೇರುತ್ತದೆ? ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು 2023ರಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದೂ ಕೇಂದ್ರವೇ. ಅದನ್ನು ಬೇರೆ ಪ್ರಶ್ನೆಯಾಗಿ ಕೇಳಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಉತ್ತರವೂ ತೇಲಿಹೋಗುತ್ತದೆ.

ನೀವೇ ಸಹಿ ಸಂಗ್ರಹಿಸಿ ಲೋಕಸಭೆಗೆ ಅರ್ಜಿಯನ್ನೂ ಕೊಡಬಹುದು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಸದನದಲ್ಲಿ ಮಂಡಿಸಲು ಸಂಸದರೊಬ್ಬರ ಸಹಿ ಬೇಕು. ಅನುವಾದ ನಮ್ಮ ಕಚೇರಿಯಲ್ಲೇ ಮಾಡಿಕೊಡುತ್ತೇವೆ.

ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕಾಗುತ್ತದೆ. ಹಾಗಾಗಿ ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಸಂಸದರ ಕಚೇರಿಗೆ ಹೋಗಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಹಾಗೆಯೇ ಅಚ್ಚು ಹಾಕುತ್ತೇನೆ. ಅದರಲ್ಲಿ ಭರವಸೆಯೇನಾದರೂ ಇದ್ದರೆ ಮೂರು ತಿಂಗಳು ಕಳೆದ ಮೇಲಿನ ಸಂಚಿಕೆಯಲ್ಲಿ ಈ ವಿಷಯಕ್ಕೆ ಈಗಲೇ ಒಂದು ಪುಟ ಕಾದಿಟ್ಟಿದ್ದೇನೆ.

– ಸಂಪಾದಕ