ಸೊಟ್ಟಗಾದ ಪ್ಲಾಸ್ಟಿಕ್ ಕುದುರೆಯ ಕಾಲನ್ನು ಮನೆಯಲ್ಲೇ ನೆಟ್ಟಗೆ ಮಾಡಬಹುದೇ?

ಮಾಡಬಹುದು. ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಗರಾಜ್ ಸೇಲಿನಲ್ಲಿ ಮಗಳಿಗೆ ಕೊಂಡ ಹಳೆಯ ಬ್ರೇಯರ್ ಕುದುರೆ (ಅಮೆರಿಕದ ಬ್ರೇಯರ್ ಕಂಪನಿಯ ಪ್ಲಾಸ್ಟಿಕ್ ಮಾದರಿ), ಮುಂಗಾಲೊಂದು ಒಳಕ್ಕೆ ಬಾಗಿದೆ, ಕಪಾಟಿನಲ್ಲಿ ಇಟ್ಟಾಗಲೆಲ್ಲ ಮಗುಚಿಕೊಳ್ಳುತ್ತದೆ. ಹೇರ್ ಡ್ರೈಯರ್ ಹಿಡಿಯಲೇ, ರಿಪೇರಿ ಮಾಡಿದರೆ ಬೆಲೆ ಬೀಳುತ್ತದೆಯೇ ಎಂದು ಕೇಳಿದ್ದೀರಿ.

ಹೇರ್ ಡ್ರೈಯರ್ ಬೇಡ. ಅದರ ಬಿಸಿಗಾಳಿ ಒಂದೇ ಕಡೆ ಬಡಿಯುತ್ತದೆ. ಒಳಗಿನ ಪ್ಲಾಸ್ಟಿಕ್ ಮೆತ್ತಗಾಗುವ ಮೊದಲೇ ಮೇಲಿನ ಬಣ್ಣ ಕೆಡಬಹುದು. ನೀರಿಗಾದರೆ ಒಂದು ಮಿತಿಯಿದೆ, ಎಷ್ಟೇ ಕುದಿಸಿದರೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಶಾಖವೂ ಸುತ್ತಲಿಂದ ಸಮನಾಗಿ ತಗಲುತ್ತದೆ.

ಬ್ರೇಯರ್‌ನ ದೊಡ್ಡ ಕುದುರೆಗಳು, ಅಂದರೆ ನಿಜವಾದ ಕುದುರೆಯ ಒಂಬತ್ತನೇ ಒಂದರಷ್ಟು ಅಳತೆಯವು, ಸೆಲ್ಯುಲೋಸ್ ಅಸಿಟೇಟ್‌ನವು. ಮರದ ತಿರುಳಿನಿಂದಲೋ ಹತ್ತಿಯ ನಾರಿನಿಂದಲೋ ತಯಾರಾಗುವ ಪ್ಲಾಸ್ಟಿಕ್ ಇದು. ಎರಡು ಹೋಳುಗಳನ್ನು ಅಚ್ಚಿನಲ್ಲಿ ತೆಗೆದು ಅಂಟಿಸಿರುತ್ತಾರೆ, ಹೊಟ್ಟೆ ಟೊಳ್ಳು. ಷಿಕಾಗೋದಲ್ಲಿದ್ದ ಆ ಕಂಪನಿ 1950ರಲ್ಲಿ ಮೊದಲ ಕುದುರೆ ಮಾಡಿದ್ದು ಆಟಕ್ಕಲ್ಲ, ಒಂದು ಗಡಿಯಾರದ ಅಲಂಕಾರಕ್ಕೆ. ಜನ ಗಡಿಯಾರ ಬಿಟ್ಟು ಕುದುರೆ ಕೇಳಿದರು! ಬಿಸಿಲಲ್ಲಿ ನಿಂತ ಕಾರು, ಬೇಸಿಗೆಯ ಅಟ್ಟ, ಕಾಲು ಒತ್ತುವಂತೆ ತುಂಬಿಟ್ಟ ಪೆಟ್ಟಿಗೆ, ಇವೆಲ್ಲ ಅದರ ಕಾಲನ್ನು ಸೊಟ್ಟಗೆ ಮಾಡುತ್ತವೆ. ಅಚ್ಚಿನ ಬಿಸಿ ಪೂರ್ತಿ ಆರುವ ಮೊದಲೇ ಹೊರತೆಗೆದಿದ್ದರೆ ಹೊಚ್ಚಹೊಸ ಕುದುರೆಯೂ ಓರೆಯಾಗಿ ನಿಲ್ಲಬಹುದು.

ನೀರು ಕಾಯಿಸುವ ಮುಂಚೆ ತಪ್ಪು ಯಾವ ಕಾಲಿನದು ಎಂದು ಪತ್ತೆ ಮಾಡಿ. ಕುದುರೆಯನ್ನು ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ನಿಲ್ಲಿಸಿ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿ. ನೆಲ ಬಿಟ್ಟು ಎದ್ದ ಗೊರಸು ಕಂಡ ಕೂಡಲೇ ಅದನ್ನೇ ಬಗ್ಗಿಸಲು ಹೋಗಬೇಡಿ. ಎಷ್ಟೋ ಸಲ ಬಾಗಿದ್ದು ಬೇರೆ ಕಾಲು, ಅದರಿಂದ ಮೈ ವಾಲಿ ಒಳ್ಳೆಯ ಕಾಲು ಮೇಲೆದ್ದಿರುತ್ತದೆ. ಅದೇ ಅಚ್ಚಿನ ಇನ್ನೊಂದು ಕುದುರೆಯ ಫೋಟೋ ಅಂತರ್ಜಾಲದಲ್ಲಿ ಸಿಗುತ್ತದೆ, ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದೇ.

ಇನ್ನು ನೀರು. ಕುದಿ ಬಂದ ಮೇಲೆ ಒಲೆಯಿಂದ ಇಳಿಸಿ, ಕಿರಿದಾದ ಎತ್ತರದ ಸ್ಟೀಲ್ ಲೋಟಕ್ಕೆ ಹಾಕಿ. ನಮ್ಮವರ ಮನೆಯಲ್ಲಿ ಅಂಥ ಲೋಟಕ್ಕೆ ಬರವಿಲ್ಲವಲ್ಲ. ಬಾಗಿದ ಕಾಲು ಮಾತ್ರ ಮೊಣಕಾಲಿನ ಮೇಲಿನವರೆಗೆ ಮುಳುಗಲಿ, ಉಳಿದ ಮೂರು ಹೊರಗಿರಲಿ. ಕಾಲುಗಳು ತೀರಾ ಒತ್ತಾಗಿದ್ದರೆ ಸೌಟಿನಿಂದ ಬಿಸಿನೀರನ್ನು ಒಂದೇ ಸಮನೆ ಹುಯ್ಯುತ್ತಿರಿ. ಹೊಟ್ಟೆಯ ಭಾಗ ಮುಳುಗಬಾರದು: ಒಳಗಿನ ಗಾಳಿ ಕಾದು ಹಿಗ್ಗಿದರೆ ಮೈ ಉಬ್ಬಬಹುದು, ಅಂಟಿಸಿದ ಸಂದಿ ಬಿಟ್ಟುಕೊಳ್ಳಬಹುದು, ಸಣ್ಣ ಗಾಳಿರಂಧ್ರದಿಂದ ನೀರು ನುಗ್ಗಿದರೆ ಆಮೇಲೆ ಕುಲುಕಿದಾಗಲೆಲ್ಲ ಗುಳುಗುಳು.

ಒಂದೆರಡು ನಿಮಿಷದಲ್ಲಿ ತೆಗೆದು, ದಪ್ಪ ಬಟ್ಟೆ ಹಿಡಿದು ಹಗುರವಾಗಿ ಒತ್ತಿ ನೋಡಿ. ಬಗ್ಗದಿದ್ದರೆ ಮತ್ತೆ ಬಿಸಿನೀರಿಗೆ. ಹದಕ್ಕೆ ಬಾರದ ಕಾಲನ್ನು ಒತ್ತಾಯಿಸಿದರೆ ಕೋಡುಬಳೆಯ ಹಾಗೆ ಲಟಕ್ಕನೆ ಮುರಿಯುತ್ತದೆ, ಅದೂ ಗೊರಸಿನ ಮೇಲಿನ ಸಪೂರ ಜಾಗದಲ್ಲಿ. ಹದವಾಗಿದ್ದರೆ ಬೇಕಾದ ಕಡೆಗೆ ಕೂದಲೆಳೆಯಷ್ಟು ಹೆಚ್ಚೇ ಬಗ್ಗಿಸಿ, ಏಕೆಂದರೆ ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಹಿಡಿದ ಹಿಡಿಯಲ್ಲೇ ತಣ್ಣೀರಿನಲ್ಲಿ ಅದ್ದಿ, ಪೂರ್ತಿ ಆರುವವರೆಗೂ ಕೈ ಸಡಿಲಿಸಬೇಡಿ. ಬಿಸಿ ಮಾಡುವುದಕ್ಕಿಂತ ಈ ಹಿಡಿತವೇ ಮುಖ್ಯ. ಬೇಗ ಬಿಟ್ಟವರೇ "ಎರಡು ದಿನಕ್ಕೆ ಮತ್ತೆ ಸೊಟ್ಟಗಾಯ್ತು" ಎನ್ನುವುದು. ಒಂದೇ ಸಲಕ್ಕೆ ಪೂರ್ತಿ ನೆಟ್ಟಗೆ ಮಾಡುವ ಹಟ ಬೇಡ, ಸ್ವಲ್ಪ ಸ್ವಲ್ಪವೇ ತನ್ನಿ. ಬಿಸಿನೀರಿನ ಕೆಲಸ ನಿಮ್ಮದು, ಗಾಜಿನ ಮೇಲೆ ನಿಲ್ಲಿಸಿ ನೋಡುವುದು ಮಗಳದು.

ಕಾಲಿನ ಮೇಲೆ ಕೊಳೆ ಇದ್ದರೆ ಸೋಪಿನ ನೀರು ಸಾಕು. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಅಪ್ಪಿತಪ್ಪಿಯೂ ಮುಟ್ಟಿಸಬೇಡಿ, ಈ ಪ್ಲಾಸ್ಟಿಕ್ ಅದರಲ್ಲಿ ಕರಗಿಹೋಗುತ್ತದೆ.

ಶುರು ಮಾಡುವ ಮುನ್ನ ಕುದುರೆಯನ್ನು ಒಮ್ಮೆ ಮೂಸಿ ನೋಡಿ. ನಗಬೇಡಿ! ವಿನೆಗರ್ ವಾಸನೆ ಬರುತ್ತಿದ್ದರೆ, ಮೈ ಜಿಡ್ಡಾಗಿ ಕುಗ್ಗಿದಂತಿದ್ದರೆ ಪ್ಲಾಸ್ಟಿಕ್ಕೇ ಕೆಡುತ್ತಿದೆ ಎಂದರ್ಥ. ಹಳೆಯ ಸಿನಿಮಾ ರೀಲುಗಳನ್ನು ತಿನ್ನುವ ರೋಗವೂ ಇದೇ, ಅವುಗಳಲ್ಲೂ ಇರುವುದು ಅಸಿಟೇಟ್. ಇದಕ್ಕೆ ಬಿಸಿನೀರಿನ ಮದ್ದಿಲ್ಲ. ಹೊರಬರುವ ಆಮ್ಲದ ಆವಿ ಪಕ್ಕದ ಕುದುರೆಗಳಿಗೂ ಕೆಡುಕು, ಹಾಗಾಗಿ ಬೇರೆ ಕಪಾಟಿನಲ್ಲಿ, ಗಾಳಿಯಾಡುವ ತಂಪು ಜಾಗದಲ್ಲಿ ಇಡಿ. ಬಿಸಿಗೆ ಮೈಯೇ ಉಬ್ಬಿದ್ದರೂ ಅಷ್ಟೇ, ಅದನ್ನು ಒತ್ತಿ ಸರಿಮಾಡಲಾಗದು.

ಬೆಲೆಯ ವಿಚಾರ: ನಿಲ್ಲದ ಕುದುರೆಗಿಂತ ನಿಲ್ಲುವ ಕುದುರೆಗೇ ಗಿರಾಕಿ ಹೆಚ್ಚು. ಮಾರುವಾಗ ಕಾಲು ನೆಟ್ಟಗೆ ಮಾಡಿದ್ದನ್ನು ಹೇಳಿಬಿಡಿ. ಬಣ್ಣಕ್ಕೆ ಮಾತ್ರ ಕೈ ಹಾಕಬೇಡಿ. ಮೂಲ ಬಣ್ಣದ ಮೇಲೆ ಬಳಿದರೆ ಸಂಗ್ರಾಹಕರ ಲೆಕ್ಕದಲ್ಲಿ ಅದು ಬೇರೆಯೇ ವರ್ಗಕ್ಕೆ ಸೇರುತ್ತದೆ. ಜುಲೈಯಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ನಡೆಯುವ ಬ್ರೇಯರ್ ಕುದುರೆಗಳ ಮೇಳ ಬ್ರೇಯರ್‌ಫೆಸ್ಟ್‌ಗೆ ಮಗಳನ್ನು ಕರೆದುಕೊಂಡು ಹೋಗುವುದಾದರೆ, ಊಟಕ್ಕೆ ಇಳಿಯುವಾಗ ಕುದುರೆಗಳನ್ನೂ ಕಾರಿನಿಂದ ಇಳಿಸಿಕೊಳ್ಳಿ.