ಪೊರಕೆ ಕಟ್ಟಿದ ಬಾಗಿಲು ಕಂಡರೆ ಒಳಗೆ ಬನ್ನಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಟುಟ್‌ಗಾರ್ಟ್ ನಗರ 1968ರಿಂದ ಮುಂಬೈಯ ಸೋದರ ನಗರ. ಪುಣೆ ಬಳಿಯ ಚಾಕಣದ ಕಾರ್ಖಾನೆಗಳಿಂದ ಅಲ್ಲಿಗೆ ಹೋಗಿಬರುವ ಕನ್ನಡಿಗರೂ ಬೇಕಾದಷ್ಟಿದ್ದಾರೆ. ನೆಕ್ಕರ್ ನದಿಯ ಮಗ್ಗುಲಲ್ಲಿ, ಅದೇ ನಗರದ ಗುಡ್ಡದ ಮೇಲಿರುವ ರೋಟೆನ್‌ಬರ್ಗ್ ಎಂಬ ದ್ರಾಕ್ಷಿ ಬಡಾವಣೆಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಸೆಪ್ಟೆಂಬರ್ ಕೊನೆಯಲ್ಲಿ ಕಂಪನಿ ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಹೋಗುತ್ತಿದ್ದೇನೆ. ಒಂದು ಶನಿವಾರ ಬಿಡುವಿದೆ. ರೋಟೆನ್‌ಬರ್ಗ್ ನೋಡಲು ಕಾರು ಬಾಡಿಗೆಗೆ ತಗೊಳ್ಳಲೇ?
— ಓದುಗರು, ಚಾಕಣ

ಬೇಡವೇ ಬೇಡ. ಅಲ್ಲಿ ವೈನ್ ಅಳೆಯುವುದು ‘ಫೀರ್ಟೆಲೆ’ ಲೆಕ್ಕದಲ್ಲಿ, ಅಂದರೆ ಹಿಡಿಯಿರುವ ಗಾಜಿನ ಲೋಟದಲ್ಲಿ ಕಾಲು ಲೀಟರು. ಶೇ. 12ರ ವೈನಾದರೆ ಒಂದು ಲೋಟದಲ್ಲೇ ಸುಮಾರು 24 ಗ್ರಾಂ ಆಲ್ಕೋಹಾಲ್ ಇರುತ್ತದೆ. ಜರ್ಮನಿಯಲ್ಲಿ ಚಾಲಕನ ರಕ್ತದಲ್ಲಿ ಇರಬಹುದಾದ ಮಿತಿ ಸಾವಿರಕ್ಕೆ 0.5. ಸಾಧಾರಣ ಮೈಕಟ್ಟಿನವರು ಒಂದೇ ಲೋಟಕ್ಕೆ ಆ ಗೆರೆಯ ಹತ್ತಿರ ಬಂದುಬಿಡುತ್ತಾರೆ.

ಮುಖ್ಯ ನಿಲ್ದಾಣದಿಂದ ಎಸ್1 ಲೋಕಲ್ ರೈಲು ಹಿಡಿದು ಉಂಟರ್‌ಟ್ಯುರ್ಕ್‌ಹೈಮ್‌ನಲ್ಲಿ ಇಳಿಯಿರಿ. ಅಲ್ಲಿಂದ 61ನೇ ನಂಬರಿನ ಬಸ್ಸು ರೋಟೆನ್‌ಬರ್ಗ್‌ಗೆ ಹತ್ತುತ್ತದೆ. ಒಂದು ದಿನದ ಟಿಕೆಟ್ ತೆಗೆದುಕೊಂಡರೆ ರೈಲು, ಬಸ್ಸು ಎರಡಕ್ಕೂ ನಡೆಯುತ್ತದೆ. ಬಸ್ಸಿಳಿದು ಹತ್ತು ನಿಮಿಷ ಏರಿದರೆ 411 ಮೀಟರ್ ಎತ್ತರದ ವ್ಯುರ್ಟೆಂಬರ್ಗ್ ಗುಡ್ಡದ ನೆತ್ತಿ. ಕೆಳಗೆ ನೆಕ್ಕರ್, ದಡದುದ್ದಕ್ಕೂ ಮರ್ಸಿಡಿಸ್ ಕಾರ್ಖಾನೆಯ ಚಾವಣಿಗಳು, ಕಾರ್ಖಾನೆ ಮುಗಿದಲ್ಲಿಂದಲೇ ಬಳ್ಳಿಸಾಲು.

ನೆತ್ತಿಯ ಮೇಲಿನ ಗುಮ್ಮಟ ರಾಣಿ ಕಟರೀನಾಳ ಸಮಾಧಿ. ರಷ್ಯಾದ ರಾಜಕುಮಾರಿ, 1819ರಲ್ಲಿ ಮೂವತ್ತರ ಹರೆಯದಲ್ಲೇ ತೀರಿಕೊಂಡಳು. ಗಂಡ, ವ್ಯುರ್ಟೆಂಬರ್ಗ್ ರಾಜ್ಯದ ದೊರೆ ಒಂದನೇ ವಿಲ್ಹೆಲ್ಮ್ ತನ್ನ ವಂಶದ ಮೂಲ ಕೋಟೆಯನ್ನೇ ಕೆಡವಿಸಿ, ಆ ಜಾಗದಲ್ಲಿ 1820ರಿಂದ 1824ರವರೆಗೆ ಸಲೂಚಿ ಎಂಬ ವಾಸ್ತುಶಿಲ್ಪಿಯಿಂದ ಇದನ್ನು ಕಟ್ಟಿಸಿದ. ಚಳಿಗಾಲದಲ್ಲೂ ಸೋಮವಾರಗಳಲ್ಲೂ ಒಳಗೆ ಬಿಡುವುದಿಲ್ಲ. ನಿಮ್ಮ ಶನಿವಾರಕ್ಕೆ ಆ ತೊಂದರೆಯಿಲ್ಲ, ಬೇರೆಯದೊಂದಿದೆ: ಜಾತ್ರೆಯ ಜನಸಂದಣಿ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರದೆ ಬೆಳೆ ಕೈಕೊಟ್ಟಿತು. ಆ ಬರ ಕಳೆದ ಮೇಲೆ ಈ ರಾಜ-ರಾಣಿಯರು 1818ರಲ್ಲಿ ಕೃಷಿ ಮೇಳ ಆರಂಭಿಸಿದರು. ಅದೇ ಈಗಿನ ಕಾನ್‌ಸ್ಟಾಟ್ ಜಾತ್ರೆ. ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ, ನಡೆಯುವುದು ನಿಮ್ಮ ಎಸ್1 ದಾರಿಯಲ್ಲೇ. ಮಧ್ಯಾಹ್ನದ ಹೊತ್ತಿಗೆ ಆ ರೈಲು ಸಂಜೆಯ ದಾದರ್ ಲೋಕಲ್ಲಿಗೆ ಸಾಟಿ. ಬೆಳಿಗ್ಗೆ ಹತ್ತರೊಳಗೆ ಹೊರಟುಬಿಡಿ.

ವಾಪಸು ಬಂದ ದಾರಿಯಲ್ಲೇ ಬರಬೇಡಿ. ತೋಟದ ನಡುವಿನ ಹಾದಿಯಲ್ಲಿ ಉಲ್‌ಬಾಖ್ ಎಂಬ ಹಳ್ಳಿಗೆ ಇಳಿಯಿರಿ, ಅರ್ಧ ಗಂಟೆ ಸಾಕು. ಅಲ್ಲಿಯ ಹಳೆಯ ದ್ರಾಕ್ಷಿ ಗಾಣದ ಕಟ್ಟಡವೇ ಈಗ ವೈನ್ ಮ್ಯೂಸಿಯಂ. ಉಲ್‌ಬಾಖ್‌ನಿಂದ 62ನೇ ಬಸ್ಸು ಓಬರ್‌ಟ್ಯುರ್ಕ್‌ಹೈಮ್‌ಗೆ, ಅಲ್ಲಿಂದ ಮತ್ತೆ ಎಸ್1. ಇದನ್ನು ತಿರುಗುಮುರುಗು ಮಾಡಿದರೆ ಇಡೀ ಗುಡ್ಡವನ್ನು ಕಾಲಿನಲ್ಲೇ ಹತ್ತಬೇಕಾಗುತ್ತದೆ. ಮಳೆ ಬಿದ್ದ ಮರುದಿನ ಕಲ್ಲುಮೆಟ್ಟಿಲು ಜಾರುತ್ತವೆ, ನುಣುಪು ತಳದ ಬೂಟು ಬೇಡ. ಮತ್ತೊಂದು ಮಾತು: ಹಣ್ಣು ಕೈಗೆಟಕುವಂತಿದ್ದರೂ ಕೀಳಬಾರದು. ಪ್ರತಿ ಸಾಲಿಗೂ ಒಬ್ಬ ಒಡೆಯನಿದ್ದಾನೆ.

‘ಬೇಸನ್’ ಎಂಬ ಕಡೆ ಊಟ ಚೆನ್ನಾಗಿರುತ್ತದಂತೆ. ಹೋಟೆಲಿನ ಹೆಸರೇ ಅದು? ಮಕ್ಕಳನ್ನು ಕರೆದೊಯ್ಯಬಹುದೇ?
— ಓದುಗರು, ಮುಲುಂಡ್

ಬೇಸನ್ ಅಂದರೆ ಪೊರಕೆ. ಲಕ್ಷ್ಮಿ ಬರುವ ಹೊತ್ತಿಗೆ ನಾವು ಪೊರಕೆಯನ್ನು ಬಾಗಿಲ ಹಿಂದೆ ಮರೆಮಾಡಿದರೆ, ಅವರು ಅದನ್ನೇ ಬಾಗಿಲ ಮೇಲೆ ಕಟ್ಟಿ ಗಿರಾಕಿಯನ್ನು ಕರೆಯುತ್ತಾರೆ. ಬೆಳೆಗಾರ ತನ್ನ ಮನೆಯಲ್ಲೋ ಕೊಟ್ಟಿಗೆಯಲ್ಲೋ ತನ್ನದೇ ವೈನ್ ಮಾರುವ ತಾತ್ಕಾಲಿಕ ಊಟದಮನೆ ಅದು. ಹೋಟೆಲ್ ಪರವಾನಗಿ ಇಲ್ಲದೆ ನಡೆಸಲು ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕಟ್ಟಳೆ ಹೀಗಿತ್ತು: ಹೆಚ್ಚೆಂದರೆ 40 ಆಸನ, ವರ್ಷಕ್ಕೆ ನಾಲ್ಕು ತಿಂಗಳು, ಸರಳ ಅಡುಗೆ. ಹಾಗಾಗಿ ಇಂದು ತೆರೆದಿದ್ದ ಮನೆ ಮುಂದಿನ ವಾರ ಮುಚ್ಚಿರಬಹುದು. ಹೊರಡುವ ಮುಂಚೆ ‘ಬೇಸನ್‌ಕಲೆಂಡರ್’ ಎಂದು ಹುಡುಕಿ ದಿನಾಂಕ ನೋಡಿಕೊಳ್ಳಿ.

ಮೇಜು ಹಂಚಿಕೊಂಡು ಕೂರಬೇಕು. ಖಾಲಿ ಜಾಗ ಕಂಡರೆ ‘ಇಸ್ಟ್ ಹಿಯರ್ ನೋಖ್ ಫ್ರೈ?’ ಎಂದು ಕೇಳಿ ಕೂತುಬಿಡಿ. ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಳ್ಳಿ. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಏಳುವ ರೂಢಿಯಿಲ್ಲ. 27 ಯೂರೋ ಬಿಲ್ಲಾದರೆ, ದುಡ್ಡು ಕೊಡುವಾಗಲೇ ‘30’ ಎನ್ನಬೇಕು. ಮಕ್ಕಳು ಧಾರಾಳವಾಗಿ ಬರಬಹುದು, ಅವರಿಗೆ ದ್ರಾಕ್ಷಿ ರಸ ಸಿಗುತ್ತದೆ. ವೈನ್ ಕೊಳ್ಳುವ ವಯಸ್ಸು ಅಲ್ಲಿ 16. ಬರೀ ‘ವಾಸರ್’ ಎಂದರೆ ಗುಳ್ಳೆನೀರು ಬರುತ್ತದೆ, ‘ಶ್ಟಿಲ್ಲೆಸ್ ವಾಸರ್’ ಎಂದು ಕೇಳಿ. ಅದಕ್ಕೂ ದುಡ್ಡು.

ನಾವು ಶುದ್ಧ ಸಸ್ಯಾಹಾರಿಗಳು. ತಾಯಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಏನು ತಿನ್ನಬಹುದು?
— ಓದುಗರು, ಮಾಟುಂಗಾ

ಮೋಸ ಹೋಗುವುದು ಮಾಂಸ ಕಾಣಿಸದ ತಿನಿಸಿನಲ್ಲಿ. ಆಲೂಗಡ್ಡೆ ಸಲಾಡ್ ನೋಡಲು ಸಾತ್ವಿಕ, ಆದರೆ ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯ ಪದ್ಧತಿಯಲ್ಲಿ ಅದನ್ನು ಬಿಸಿ ಮಾಂಸದ ಸಾರಿನಲ್ಲಿ ನೆನೆಸುತ್ತಾರೆ. ಬೇಳೆಯ ಜೊತೆ ಶ್ಪೆಟ್ಸ್‌ಲೆ ಎಂಬ ಶ್ಯಾವಿಗೆಯಂಥದ್ದು ಕೊಡುತ್ತಾರೆ. ಮೇಲಿಟ್ಟ ಸಾಸೇಜ್ ಬೇಡವೆಂದರೂ ಬೇಳೆಯನ್ನು ಹಂದಿಯ ಕೊಬ್ಬಿನ ಚೂರುಗಳೊಂದಿಗೇ ಬೇಯಿಸಿರುವುದುಂಟು. ಈರುಳ್ಳಿ ಕೇಕಿನಲ್ಲೂ ಅದೇ ಚೂರುಗಳು. ಕಡುಬಿನ ಹಾಗಿರುವ ಮೌಲ್‌ಟಾಶೆಗೆ ತರಕಾರಿ ಹೂರಣದ್ದೂ ಉಂಟು, ಆದರೆ ಸಾರಿನಲ್ಲಿ ಮುಳುಗಿಸಿ ಕೊಟ್ಟರೆ ಆ ಸಾರು ಮಾಂಸದ್ದು. ಬೆಣ್ಣೆಯಲ್ಲಿ ಹುರಿದ ಈರುಳ್ಳಿಯೊಂದಿಗೆ ಕೊಡಲು ಹೇಳಿ.

ಮೊಟ್ಟೆ ನಡೆಯುವವರಿಗೆ ಕೇಸ್‌ಶ್ಪೆಟ್ಸ್‌ಲೆ ಒಳ್ಳೆಯದು: ಚೀಸ್, ಹುರಿದ ಈರುಳ್ಳಿ, ಹೊಟ್ಟೆ ತುಂಬುತ್ತದೆ. ಆದರೆ ಶ್ಪೆಟ್ಸ್‌ಲೆಯ ಹಿಟ್ಟೇ ಮೊಟ್ಟೆಯದು, ತಾಯಿಯವರಿಗೆ ಆಗದು. ಅವರಿಗೆ ಲುಗ್ಗೆಲೆಸ್‌ಕೇಸ್ ಕೇಳಿ. ಗಟ್ಟಿ ಮೊಸರಿನಂಥ ಕ್ವಾರ್ಕ್‌ಗೆ ಈರುಳ್ಳಿ ಸೊಪ್ಪು ಕಲಸಿದ್ದು, ಬೇಯಿಸಿದ ಆಲೂಗಡ್ಡೆಯೊಂದಿಗೆ ನಮ್ಮ ಬಾಯಿಗೂ ಹಿಡಿಸುತ್ತದೆ. ಬ್ರೆಟ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್ಡಿನ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೇಳದೆ ತಿನ್ನಬೇಡಿ. ‘ಓನೆ ಫ್ಲೈಶ್’ ಎಂದು ಮಾಂಸವೊಂದನ್ನೇ ಬೇಡವೆಂದರೆ ಸಾಲದು, ‘ಓನೆ ಶ್ಪೆಕ್, ಓನೆ ಫ್ಲೈಶ್‌ಬ್ರ್ಯೂಯೆ’ ಎಂದು ಕೊಬ್ಬು, ಸಾರು ಎರಡನ್ನೂ ಬೇರೆಯಾಗಿ ಹೇಳಬೇಕು.

ನಮ್ಮದು ವಿಜಯಪುರದ ಕಡೆ ದ್ರಾಕ್ಷಿ ತೋಟ. ಹಿಮ ಬೀಳುವ ಊರಲ್ಲಿ ಬಳ್ಳಿ ಬದುಕುವುದು ಹೇಗೆ?
— ಓದುಗರು, ಪಿಂಪ್ರಿ

ನಿಮ್ಮಲ್ಲಿ ಬಳ್ಳಿ ತಾನಾಗಿ ಮಲಗುವುದಿಲ್ಲ, ಅದಕ್ಕೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಎರಡು ಸಲ ಸವರುತ್ತೀರಿ. ಅಲ್ಲಿ ಚಳಿಯೇ ಬಳ್ಳಿಯನ್ನು ಮಲಗಿಸುತ್ತದೆ. ಎಲೆ ಉದುರಿದ ಮೇಲೆ ಚಳಿಗಾಲದಲ್ಲಿ ಒಂದೇ ಚಾಟ್ನಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದೇ ಕೊಯ್ಲು. ಮಲಗಿದ ಬಳ್ಳಿ ಹಿಮ ತಡೆಯುತ್ತದೆ. ಭಯವಿರುವುದು ವಸಂತದಲ್ಲಿ ಚಿಗುರೊಡೆದ ಮೇಲೆ ಬೀಳುವ ಮಂಜಿನದು.

ಗುಡ್ಡ ಬೇಕಾಗುವುದು ಇಲ್ಲೇ. ಸುಮಾರು 49 ಡಿಗ್ರಿ ಉತ್ತರದಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ, ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿಗೆ ಬಿಸಿಲು ನೇರ ಬೀಳುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಜಾರುತ್ತದೆ. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತವೆ. ಬೆಲೆಯೂ ಆ ಗೋಡೆಯದೇ: ಟ್ರಾಕ್ಟರ್ ಹೋಗದು, ಮಳೆಗೆ ಉಬ್ಬಿ ಕುಸಿದರೆ ಒಂದೊಂದೇ ಕಲ್ಲು ಕೈಯಿಂದ ಕೂರಿಸಬೇಕು.

ಅಲ್ಲಿಂದ ಗೋವಾಕ್ಕೆ ವೈನ್ ತರಬಹುದೇ? ಯಾವುದು ತರಲಿ?
— ಓದುಗರು, ವಾಸ್ಕೋ

ಸುಂಕವಿಲ್ಲದೆ ತಲೆಗೆ 2 ಲೀಟರು ಮದ್ಯ. 750 ಮಿಲಿಯ ಎರಡು ಬಾಟಲಿ ತನ್ನಿ. ಮೂರಾದರೆ 2.25 ಲೀಟರು, ಸುಂಕ ಕಟ್ಟಬೇಕಾಗುತ್ತದೆ. ಚೆಕ್-ಇನ್ ಪೆಟ್ಟಿಗೆಯ ನಡುವೆ ಬಟ್ಟೆ ಸುತ್ತಿ ಇಡಿ.

ಸ್ಥಳೀಯರ ನಿತ್ಯದ ವೈನ್ ಟ್ರೊಲಿಂಗರ್. ತಿಳಿಗೆಂಪು, ಒಗರು ಕಡಿಮೆ. ನಾಸಿಕದ ಶಿರಾಜ್‌ಗೆ ಒಗ್ಗಿದ ನಾಲಿಗೆಗೆ ನೀರು ಬೆರೆಸಿದಂತೆ ಅನ್ನಿಸೀತು. ಅದನ್ನು ಗುಡ್ಡದ ಮೇಲೆ, ಸ್ವಲ್ಪ ತಣ್ಣಗಿರುವಾಗಲೇ ಕುಡಿದು ಮುಗಿಸಿ. ಮನೆಗೆ ತರಲು ಲೆಂಬರ್ಗರ್ ಎಂಬ ಕೆಂಪು ವೈನ್ ವಾಸಿ, ಅದರ ರುಚಿ ಗಾಢ. ಮೀನಿನ ಜೊತೆಗಾದರೆ ರೀಸ್ಲಿಂಗ್ ಎಂಬ ಬಿಳಿ ವೈನ್. ಚೀಟಿಯ ಮೇಲೆ ‘ಟ್ರೊಕೆನ್’ ಎಂದಿದ್ದರೆ ಸಿಹಿಯಿಲ್ಲ, ‘ಲೀಬ್ಲಿಖ್’ ಎಂದಿದ್ದರೆ ಸಿಹಿ. ತಿರುಗಿಸುವ ಮುಚ್ಚಳ ಕಂಡು ಅಗ್ಗದ ಮಾಲೆಂದುಕೊಳ್ಳಬೇಡಿ.

ಶರತ್ಕಾಲದಲ್ಲಿ ಸಿಗುವ ‘ನೊಯರ್ ವೈನ್’ ಮಾತ್ರ ತರಲೇಬೇಡಿ. ಅದು ಇನ್ನೂ ಹುದುಗುತ್ತಿರುವ ರಸ. ಅನಿಲ ಹೊರಹೋಗಲೆಂದೇ ಮುಚ್ಚಳ ಸಡಿಲ ಬಿಟ್ಟಿರುತ್ತಾರೆ. ಮಲಗಿಸಿದರೆ ಸೋರುತ್ತದೆ, ಬಿಗಿದರೆ ಬಾಟಲಿ ಸಿಡಿಯುತ್ತದೆ.