ರಾಜೀನಾಮೆ ಪತ್ರ ಸ್ವಲ್ಪ ತಡೀರಿ

ಯಾದಗಿರಿಯೊಳಗ ಸಾಲ ವಸೂಲಿ ಕೆಲಸ, ನಸುಕಿನ 4 ಗಂಟೆಗೇ ಎಚ್ಚರ, ಎರಡು ತಿಂಗಳಿಂದ ಯಾವುದಕ್ಕೂ ಮನಸಿಲ್ಲ, ಮ್ಯಾಲೆ ಮನಿ ಲೋನ್, ನೌಕರಿ ಬಿಡಲೋ ಬ್ಯಾಡೋ ಅಂತ ಕೇಳೀರಿ.

ಈಗೇ ಬಿಡಬ್ಯಾಡ್ರಿ ಅಣ್ಣಾ. ನಸುಕಿನಾಗ ಎಚ್ಚರಾಗಿ ಮತ್ತ ನಿದ್ದಿ ಹತ್ತದಿರೂದು, ಎರಡು ವಾರ ದಾಟಿದ್ರೂ ಮನಸು ಏಳದಿರೂದು ಖಿನ್ನತೆಯ ಲಕ್ಷಣ. ಆ ಹೊತ್ತಿನಾಗ ಎಲ್ಲಾ ದಾರಿ ಮುಚ್ಯಾವ ಅನಸ್ತದ, ದೊಡ್ಡ ನಿರ್ಧಾರಕ್ಕ ಅದು ಟೈಮಲ್ಲ.

ಮೊದಲು ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ತಜ್ಞರಿಗೆ ತೋರಸ್ರಿ. ಊರಾಗ ಯಾರರೆ ನೋಡ್ಯಾರು ಅಂತ ಅಂಜಿಕಿ ಇದ್ರ ಕಲಬುರಗಿಯ ಸರ್ಕಾರಿ ದವಾಖಾನಿ ಜಿಮ್ಸ್‌ಗೆ ಹೋಗ್ರಿ. ಚೀಟಿ ಮಾಡಿಸೂ ಪಾಳಿಯೊಳಗ ಮೊಣಕಾಲು ನೋವಿನವರೂ ಇರ್ತಾರ, ನೀವು ಯಾತಕ್ಕ ಬಂದೀರಿ ಯಾರಿಗೂ ತಿಳಿಯಂಗಿಲ್ಲ. ಡಾಕ್ಟರ್ ನಿಮ್ಮ ಮ್ಯಾನೇಜರ್‌ಗೆ ಹೇಳೂಹಂಗೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗ ಗೋಪ್ಯತೆ ನಿಮ್ಮ ಹಕ್ಕು. ಥೈರಾಯ್ಡ್ ಪರೀಕ್ಷೆ ಬೇಕೇನು ಅಂತ ಕೇಳ್ರಿ, ಅದರ ಕೊರತಿಯಿಂದಲೂ ಹಿಂಗ ಆಗ್ತದ. ಗುಳಿಗಿ ಕೊಟ್ರ ಗುಣ ಕಾಣಾಕ ಎರಡರಿಂದ ನಾಲ್ಕು ವಾರ ಬೇಕು. ವಾರಕ್ಕ ಏನೂ ಆಗಲಿಲ್ಲ ಅಂತ ನೀವಾಗೇ ನಿಲ್ಲಿಸಬ್ಯಾಡ್ರಿ.

ಕೆಲಸದಾಗ ನಿಮ್ಮ ಕೈಯಾಗಿರೂದು ಸಣ್ಣದು. ರಾತ್ರಿ ಊಟ ಆದ ಮ್ಯಾಲೆ ಟಾರ್ಗೆಟ್ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡ್ರಿ, ಬಾಕಿ ಲೆಕ್ಕ ಮುಂಜಾನಿ ನೋಡಿದ್ರೂ ಅಷ್ಟೇ ಇರ್ತದ! ನಿದ್ದಿಗಂತ ಎಣ್ಣಿ ಹೊಡಿಯೂದು ಮಾತ್ರ ಖರೇನೇ ಬ್ಯಾಡ, ನಸುಕಿನ ಎಚ್ಚರ ಅದರಿಂದ ಹೆಚ್ಚಾಗ್ತದ.

ಸಾಯಬೇಕು ಅನ್ನೂ ವಿಚಾರ ಬಂದ್ರ ಒಬ್ಬರೇ ಕೂಡಬ್ಯಾಡ್ರಿ, ಮನಿಯವರನ್ನ ಎಬ್ಬಸ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಪುಕ್ಕಟ್ಟೆ, ರಾತ್ರಿನೂ ಇರ್ತದ, ಕನ್ನಡದಾಗ ಮಾತಾಡ್ತಾರ.